ಸಹಿ ಹಾಕುವ ಮುನ್ನ: ವಾಸ್ತುಶಿಲ್ಪಿಗಳು ತಮ್ಮ ಸಂಘವನ್ನು ಬಳಸಿಕೊಳ್ಳುವ ಬಗೆ

ವಾಸ್ತುಶಿಲ್ಪದಲ್ಲಿ ಐದು ವರ್ಷದ ಪದವಿ ಮುಗಿಸಿ, ನೋಂದಣಿ ಸಂಖ್ಯೆ ಪಡೆದು, ಊರಿಗೆ ಮರಳಿ ಸ್ವಂತ ಕಚೇರಿ ತೆರೆದ ತರುಣ ತರುಣಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಕಾನೂನಿಗೆ ಬೇಕಾದ ನೋಂದಣಿ ಇದ್ದೇ ಇದೆಯಲ್ಲ, ಮತ್ತೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂಬ ನಮ್ಮ ಸಂಘಕ್ಕೇಕೆ ಹಣ ಕಟ್ಟಬೇಕು, ಅದರಿಂದ ಸಿಗುವುದೇನು ಎಂಬುದು ಆ ಪ್ರಶ್ನೆ. ಜಿಲ್ಲಾ ಕೇಂದ್ರವೊಂದರಲ್ಲಿ ವೃತ್ತಿ ನಡೆಸುತ್ತ, ಸಂಘದ ಸ್ಥಳೀಯ ಸಮಿತಿಯಲ್ಲಿ ಕೆಲವು ವರ್ಷ ದುಡಿದ ನನಗೆ ತೋಚುವ ಉತ್ತರ ಸರಳವಾಗಿದೆ. ಸಂಘವು ನಿಮಗೆ ಕೆಲಸ ತಂದುಕೊಡುವುದಿಲ್ಲ; ಆದರೆ ಯಾವುದೇ ಕಾಗದಕ್ಕೆ ಸಹಿ ಹಾಕುವ ಮುನ್ನ ಫೋನ್ ಮಾಡಿ ಕೇಳಬಹುದಾದ ಹತ್ತಾರು ಹಿರಿಯರನ್ನು ಕೊಡುತ್ತದೆ. ನಮ್ಮ ವೃತ್ತಿಯಲ್ಲಿ ಹಣ, ಹೆಸರು ಎರಡೂ ಕೈಜಾರುವುದು ಹೆಚ್ಚಾಗಿ ಯೋಚಿಸದೆ ಹಾಕಿದ ಸಹಿಯಿಂದ. ಆದ್ದರಿಂದ ಸಂಘದ ಸೇವೆಗಳನ್ನು ನಾನು ಇಲ್ಲಿ ಆ ದೃಷ್ಟಿಯಿಂದಲೇ ವಿವರಿಸುತ್ತೇನೆ.

ಎರಡು ಬಾಗಿಲುಗಳನ್ನು ಗುರುತಿಸಿಕೊಳ್ಳಿ

ಮೊದಲಿಗೆ ಎರಡು ಸಂಸ್ಥೆಗಳ ನಡುವಿನ ವ್ಯತ್ಯಾಸ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು, ಏಕೆಂದರೆ ತಪ್ಪು ಬಾಗಿಲು ತಟ್ಟಿ ತಿಂಗಳುಗಟ್ಟಲೆ ಕಾದವರನ್ನು ನಾನು ಕಂಡಿದ್ದೇನೆ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಎಂಬುದು 1972ರ ವಾಸ್ತುಶಿಲ್ಪಿಗಳ ಕಾಯ್ದೆಯಿಂದ ಹುಟ್ಟಿದ ಶಾಸನಬದ್ಧ ಪರಿಷತ್ತು. ದೇಶದ ವಾಸ್ತುಶಿಲ್ಪಿಗಳ ದಾಖಲೆ ಪುಸ್ತಕವನ್ನು ಕಾಪಾಡುವುದು, ಶಿಕ್ಷಣದ ಕನಿಷ್ಠ ಮಟ್ಟವನ್ನು ಗೊತ್ತುಪಡಿಸುವುದು, ವೃತ್ತಿಯಲ್ಲಿ ದುರ್ನಡತೆ ತೋರಿದವರನ್ನು ವಿಚಾರಣೆಗೆ ಒಳಪಡಿಸಿ ಎಚ್ಚರಿಸುವುದು, ಅಮಾನತಿನಲ್ಲಿಡುವುದು ಅಥವಾ ಪಟ್ಟಿಯಿಂದ ಹೆಸರನ್ನು ತೆಗೆಯುವುದು ಅದರ ಕೆಲಸ. ನಿಮ್ಮ ಹೆಸರಿನ ಮುಂದೆ ವಾಸ್ತುಶಿಲ್ಪಿ ಎಂದು ಬರೆದುಕೊಳ್ಳುವ ಹಕ್ಕು ಈ ನೋಂದಣಿಯಿಂದ ಬರುತ್ತದೆ, ಸಂಘದಿಂದಲ್ಲ. ನವೀಕರಣದ ಶುಲ್ಕವನ್ನು ಗಡುವಿನೊಳಗೆ ಕಟ್ಟದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ, ಮತ್ತು ಸಂಘದ ಸದಸ್ಯತ್ವ ಎಷ್ಟೇ ಹಳೆಯದಾದರೂ ಆಗ ನಿಮ್ಮನ್ನು ಕಾಯುವುದಿಲ್ಲ. ನವೀಕರಣದ ದಿನಾಂಕವನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸಂಘದ ಕಥೆ ಬೇರೆ. ಮುಂಬಯಿ ಸರ್ಕಾರದ ಸಲಹಾ ವಾಸ್ತುಶಿಲ್ಪಿಯಾಗಿದ್ದ, ಗೇಟ್‌ವೇ ಆಫ್ ಇಂಡಿಯಾ ಸ್ಮಾರಕವನ್ನು ವಿನ್ಯಾಸ ಮಾಡಿದ ಜಾರ್ಜ್ ವಿಟೆಟ್ ಅವರ ಹಳೆಯ ವಿದ್ಯಾರ್ಥಿಗಳು 1917ರ ಮೇ 12ರಂದು ಸೇರಿ ಕಟ್ಟಿಕೊಂಡ ಚಿಕ್ಕ ಕೂಟವೊಂದು, 1922ರಲ್ಲಿ ಬಾಂಬೆ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಎಂಬ ಹೆಸರು ಪಡೆದು, 1929ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂದು ನೋಂದಣಿಯಾಯಿತು. ಪರಿಷತ್ತು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ವಾಸ್ತುಶಿಲ್ಪಿಗಳು ತಾವಾಗಿಯೇ ಒಂದುಗೂಡಿದ್ದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಐಐಎ ಎಂದೇ ಕರೆಯಲ್ಪಡುವ ಈ ಸಂಘ ಸ್ವಯಂಪ್ರೇರಿತವಾದದ್ದು. ಸೇರದಿದ್ದರೆ ಯಾರೂ ದಂಡ ಹಾಕುವುದಿಲ್ಲ. ಮುಖ್ಯ ಕಚೇರಿ ಮುಂಬಯಿಯಲ್ಲಿದೆ, ರಾಜ್ಯಗಳಲ್ಲಿ ಶಾಖೆಗಳಿವೆ, ಮತ್ತು ಕರ್ನಾಟಕ ಶಾಖೆಯ ಅಡಿಯಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿಯಂಥ ಊರುಗಳಲ್ಲಿ ಕೇಂದ್ರಗಳು ಕೆಲಸ ಮಾಡುತ್ತವೆ.

ಎರಡಕ್ಕೂ ಇರುವ ಕೊಂಡಿಯೊಂದನ್ನು ಬಹುಮಂದಿ ಗಮನಿಸುವುದಿಲ್ಲ. 1972ರ ಕಾಯ್ದೆಯ 3ನೇ ವಿಧಿಯ ಪ್ರಕಾರ ಪರಿಷತ್ತಿನಲ್ಲಿ ಐವರು ವಾಸ್ತುಶಿಲ್ಪಿಗಳನ್ನು ಐಐಎ ತನ್ನ ಸದಸ್ಯರ ಪೈಕಿ ಚುನಾಯಿಸಿ ಕಳುಹಿಸುತ್ತದೆ. ಅಂದರೆ ಶಿಕ್ಷಣದ ಮಟ್ಟವನ್ನೂ ನಡತೆಯ ನಿಯಮಗಳನ್ನೂ ತೀರ್ಮಾನಿಸುವ ಮೇಜಿನವರೆಗೆ ಸಂಘದ ಧ್ವನಿ ನೇರವಾಗಿ ತಲುಪುವ ದಾರಿ ಕಾನೂನಿನಲ್ಲಿಯೇ ಇದೆ. ಸಂಘದ ಚುನಾವಣೆ ಬಂದಾಗ ಮತಪತ್ರವನ್ನು ಮೇಜಿನ ಖಾನೆಯೊಳಗೆ ತಳ್ಳಿ ಮರೆತುಬಿಡುವ ಸದಸ್ಯರು, ಆಮೇಲೆ ಪರಿಷತ್ತಿನ ನಿಲುವಿನ ಬಗ್ಗೆ ಗೊಣಗುವುದು ನ್ಯಾಯವಲ್ಲ.

ಸೇರುವಾಗ ಗಮನಿಸಬೇಕಾದ್ದು

ಸೇರುವ ವಿಧಾನದಲ್ಲಿ ಕಷ್ಟವೇನಿಲ್ಲ. ಪದವಿಯ ಪ್ರಮಾಣಪತ್ರ, ಪರಿಷತ್ತಿನ ಚಾಲ್ತಿಯಲ್ಲಿರುವ ನೋಂದಣಿ ಪತ್ರ, ವಿಳಾಸದ ದಾಖಲೆ, ಭಾವಚಿತ್ರ ಇವಿಷ್ಟನ್ನು ಒಂದೇ ಹೆಸರಿನಲ್ಲಿ, ಒಂದೇ ಕಾಗುಣಿತದಲ್ಲಿ ಇಟ್ಟುಕೊಳ್ಳಿ. ಮದುವೆಯ ನಂತರ ಹೆಸರು ಬದಲಾದವರು, ಅಪ್ಪನ ಹೆಸರಿನ ಮೊದಲಕ್ಷರವನ್ನು ಒಂದೆಡೆ ಬಿಡಿಸಿ ಬರೆದು ಇನ್ನೊಂದೆಡೆ ಕೈಬಿಟ್ಟವರು ಇಲ್ಲಿ ಅನವಶ್ಯಕವಾಗಿ ತಡವರಿಸುತ್ತಾರೆ. ಹೊಸದಾಗಿ ವೃತ್ತಿಗೆ ಬಂದವರು ಸಾಮಾನ್ಯವಾಗಿ ಅಸೋಸಿಯೇಟ್ ವರ್ಗಕ್ಕೆ ಸೇರುತ್ತಾರೆ. ಕೆಲವು ವರ್ಷಗಳ ಅನುಭವದ ಬಳಿಕ ಫೆಲೋ ವರ್ಗಕ್ಕೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ನಿಮ್ಮನ್ನು ಸೂಚಿಸುವ ಸದಸ್ಯರ ಹೆಸರು ಕೇಳಿದಾಗ ಯಾರೋ ಒಬ್ಬರ ಸಹಿ ಪಡೆದು ಮುಗಿಸಿಬಿಡಬೇಡಿ. ನಿಮ್ಮ ಊರಿನಲ್ಲೇ ಹದಿನೈದು ಇಪ್ಪತ್ತು ವರ್ಷ ಕಟ್ಟಡ ಕಟ್ಟಿಸಿದ, ಅಲ್ಲಿನ ಮಣ್ಣು, ಮಳೆ, ಮೇಸ್ತ್ರಿಗಳು, ಪಾಲಿಕೆಯ ಕಚೇರಿ ಎಲ್ಲವನ್ನೂ ಬಲ್ಲ ಹಿರಿಯರೊಬ್ಬರ ಕಚೇರಿಗೆ ಖುದ್ದಾಗಿ ಹೋಗಿ, ನಿಮ್ಮ ಎರಡು ಮೂರು ನಕ್ಷೆಗಳನ್ನು ತೋರಿಸಿ, ಅವರ ಸಹಿ ಕೇಳಿ. ಆ ಅರ್ಧ ಗಂಟೆಯ ಪರಿಚಯ ಮುಂದಿನ ಹತ್ತು ವರ್ಷ ಉಪಯೋಗಕ್ಕೆ ಬರುತ್ತದೆ.

ಸೇರಿದ ಮೊದಲ ವರ್ಷ ಕೇಂದ್ರದ ಮಾಸಿಕ ಸಭೆಗಳಿಗೆ ತಪ್ಪದೆ ಹೋಗಿ. ಹೊಸ ಸಾಮಗ್ರಿಯ ಪ್ರಾತ್ಯಕ್ಷಿಕೆ, ಕಟ್ಟಡಗಳ ಭೇಟಿ, ಸಂಜೆಯ ಉಪನ್ಯಾಸ ಇವೆಲ್ಲ ಇರುತ್ತವೆ. ಸಾಮಗ್ರಿ ಮಾರುವ ಕಂಪನಿಗಳು ಪ್ರಾಯೋಜಿಸುವ ಸಂಜೆಗಳು ಕೆಲವೊಮ್ಮೆ ಮಾರಾಟದ ಮಾತಿನಲ್ಲೇ ಮುಗಿಯುತ್ತವೆ ಎಂಬುದು ನಿಜ, ಆದರೆ ಅಲ್ಲಿಯೂ ತಾರಸಿಯ ನೀರುನಿರೋಧಕ ಪದರ ಏಕೆ ಮೂರೇ ವರ್ಷಕ್ಕೆ ಬಿರುಕು ಬಿಟ್ಟಿತು ಎಂದು ಎದ್ದು ಕೇಳುವ ಸದಸ್ಯರೊಬ್ಬರಿದ್ದರೆ ಸಭೆಯ ರೂಪವೇ ಬದಲಾಗುತ್ತದೆ. ಭಾರತೀಯ ಮಾನಕ ಬ್ಯೂರೋ ಹೊರತಂದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ದಪ್ಪ ಸಂಪುಟಗಳನ್ನು ಒಬ್ಬರೇ ಕುಳಿತು ಓದಿ ಅರಗಿಸಿಕೊಳ್ಳುವುದು ಕಷ್ಟ. ಬೆಂಕಿಯಿಂದ ಪಾರಾಗುವ ಮೆಟ್ಟಿಲಿನ ಅಗಲ, ಅಂಗವಿಕಲರಿಗೆ ಬೇಕಾದ ಇಳಿಜಾರು, ಇಂಧನ ಉಳಿತಾಯದ ಸಂಹಿತೆ ಇಂಥ ಒಂದೊಂದೇ ವಿಷಯವನ್ನು ಹಿಡಿದು, ಊರಿನಲ್ಲೇ ಇರುವ ಕಟ್ಟಡವೊಂದರ ನಕ್ಷೆ ಮುಂದಿಟ್ಟುಕೊಂಡು, ನಾಲ್ಕು ಜನ ಕುಳಿತು ಚರ್ಚಿಸಿದಾಗ ಅದು ತಲೆಗೆ ಹೋಗುತ್ತದೆ. ನಿಮ್ಮ ಕೇಂದ್ರದಲ್ಲಿ ಇಂಥ ಓದಿನ ಕೂಟ ಇಲ್ಲದಿದ್ದರೆ ನೀವೇ ಶುರುಮಾಡಿ. ಸಮಿತಿಯವರು ಜಾಗ ಕೊಡಲು ಹಿಂದೆಗೆಯುವುದಿಲ್ಲ.

ಒಪ್ಪಂದ ಮತ್ತು ಶುಲ್ಕ

ಸಂಘದ ಸದಸ್ಯತ್ವದ ಬೆಲೆ ಮೊದಲು ಗೊತ್ತಾಗುವುದು ಇಲ್ಲಿ. ಸಣ್ಣ ಊರುಗಳಲ್ಲಿ ಮನೆ ಕಟ್ಟಿಸುವವರು ಬಂದು, "ಪ್ಲಾನ್ ಒಂದು ಹಾಕಿಕೊಡಿ ಸರ್, ಮಿಕ್ಕಿದ್ದೆಲ್ಲ ನಮ್ಮ ಮೇಸ್ತ್ರಿ ನೋಡಿಕೊಳ್ತಾರೆ" ಎನ್ನುತ್ತಾರೆ. ತರುಣರು ಕೆಲಸ ಸಿಕ್ಕಿತೆಂಬ ಸಂತೋಷದಲ್ಲಿ ಬಾಯಿಮಾತಿನಲ್ಲೇ ಒಂದು ಮೊತ್ತಕ್ಕೆ ಒಪ್ಪುತ್ತಾರೆ, ನಕ್ಷೆಯನ್ನು ಆರು ಬಾರಿ ತಿದ್ದುತ್ತಾರೆ, ಏಳನೆಯ ಬಾರಿಗೆ ನಕ್ಷೆಯ ಕಡತವನ್ನು ಕಳುಹಿಸಿದ ಮೇಲೆ ಆ ಕಡೆಯಿಂದ ಫೋನ್ ಬರುವುದು ನಿಲ್ಲುತ್ತದೆ. ವೃತ್ತಿಯ ಮೂರನೆಯ ವರ್ಷದಲ್ಲಿ ನನಗೂ ಹೀಗೇ ಆಯಿತು. ನಾಲ್ಕು ತಿಂಗಳ ನಂತರ ಆ ದಾರಿಯಲ್ಲಿ ಹೋಗುವಾಗ ನನ್ನದೇ ನಕ್ಷೆಯ ಮನೆ, ಮೆಟ್ಟಿಲನ್ನು ಮಾತ್ರ ಎಡದಿಂದ ಬಲಕ್ಕೆ ತಿರುಗಿಸಿಕೊಂಡು, ಲಿಂಟಲ್ ಮಟ್ಟಕ್ಕೆ ಎದ್ದು ನಿಂತಿತ್ತು. ಅಂದು ಸಂಜೆ ಕೇಂದ್ರದ ಹಿರಿಯರೊಬ್ಬರ ಬಳಿ ಹೋಗಿ ಹೇಳಿಕೊಂಡಾಗ ಅವರು ಸಮಾಧಾನದ ಮಾತಾಡಲಿಲ್ಲ. ತಾವು ಬಳಸುವ ಒಪ್ಪಂದದ ಪ್ರತಿಯನ್ನು ತೆಗೆದು ನನ್ನ ಮುಂದಿಟ್ಟರು. ಇಂದಿಗೂ ನನ್ನ ಕಚೇರಿಯ ಒಪ್ಪಂದಕ್ಕೆ ಅದೇ ಬುನಾದಿ.

ಪರಿಷತ್ತು ಹೊರತಂದಿರುವ ನೇಮಕಾತಿ ಷರತ್ತುಗಳು ಮತ್ತು ಶುಲ್ಕದ ಮಾರ್ಗಸೂಚಿಯನ್ನು ಆಧಾರವಾಗಿಟ್ಟುಕೊಂಡು ಒಪ್ಪಂದ ಬರೆಯುವುದು ಒಳ್ಳೆಯದು. ಅದರಲ್ಲಿ ಕೆಲಸವನ್ನು ಏಳು ಹಂತಗಳಾಗಿ ವಿಂಗಡಿಸಿದೆ: ಪರಿಕಲ್ಪನೆಯ ನಕ್ಷೆ, ಪ್ರಾಥಮಿಕ ವಿನ್ಯಾಸ, ಮಂಜೂರಾತಿಯ ನಕ್ಷೆ, ಕಾರ್ಯನಕ್ಷೆ ಮತ್ತು ಟೆಂಡರ್ ಕಾಗದಗಳು, ಗುತ್ತಿಗೆದಾರರ ಆಯ್ಕೆ, ನಿರ್ಮಾಣ, ಕೊನೆಗೆ ಪೂರ್ಣಗೊಂಡ ಕಟ್ಟಡದ ದಾಖಲೆ. ಪ್ರತಿ ಹಂತ ಮುಗಿದಾಗ ಒಟ್ಟು ಶುಲ್ಕದ ಎಷ್ಟು ಪಾಲು ಸಲ್ಲಬೇಕೆಂಬುದು ಮೊದಲೇ ಗೊತ್ತಿದ್ದರೆ, ನಡುದಾರಿಯಲ್ಲಿ ಕೆಲಸ ನಿಂತರೂ ಅಲ್ಲಿಯವರೆಗಿನ ದುಡಿಮೆಗೆ ಲೆಕ್ಕ ಸಿಗುತ್ತದೆ. ಒಪ್ಪಂದದ ಕರಡನ್ನು ಸಿದ್ಧಪಡಿಸಿಕೊಂಡು ಹಿರಿಯ ಸದಸ್ಯರೊಬ್ಬರಿಗೆ ತೋರಿಸುವಾಗ ಕೆಲವು ಪ್ರಶ್ನೆಗಳನ್ನು ನೀವೇ ಎತ್ತಬೇಕು. ಎಷ್ಟು ಬಾರಿಯ ತಿದ್ದುಪಡಿ ಶುಲ್ಕದೊಳಗೆ ಬರುತ್ತದೆ? ಕಟ್ಟಡದ ಬಲದ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಅವರ ಶುಲ್ಕ ನಿಮ್ಮ ಮೊತ್ತದಲ್ಲಿ ಸೇರಿದೆಯೇ, ಮಾಲೀಕರು ಬೇರೆಯಾಗಿ ಕೊಡಬೇಕೇ? ಜಿಎಸ್‌ಟಿ ಸೇರಿದೆಯೇ? ಪಾಲಿಕೆಯಲ್ಲಿ ಕಟ್ಟುವ ಶುಲ್ಕ ಯಾರದು? ಕಟ್ಟಡ ಅರ್ಧಕ್ಕೆ ನಿಂತು ಎರಡು ವರ್ಷದ ನಂತರ ಮತ್ತೆ ಶುರುವಾದರೆ ಏನು ಮಾಡುವುದು?

ಇವುಗಳಲ್ಲಿ ಹೆಚ್ಚು ಜಗಳ ಹುಟ್ಟಿಸುವುದು ಮೇಲ್ವಿಚಾರಣೆ ಎಂಬ ಒಂದು ಪದ. ಆಗಾಗ ಸೈಟಿಗೆ ಬಂದು, ಕೆಲಸ ನಕ್ಷೆಯಂತೆ ನಡೆದಿದೆಯೇ ಎಂದು ಪರಿಶೀಲಿಸುವುದು ವಾಸ್ತುಶಿಲ್ಪಿಯ ಹೊಣೆ; ದಿನವಿಡೀ ನಿಂತು ಕಾಂಕ್ರೀಟ್ ಕಲಸುವುದನ್ನು, ಕ್ಯೂರಿಂಗ್ ಮಾಡುವುದನ್ನು ನೋಡಿಕೊಳ್ಳಲು ಮಾಲೀಕರು ಬೇರೆ ಸೈಟ್ ಮೇಲ್ವಿಚಾರಕರನ್ನು ನೇಮಿಸಿಕೊಳ್ಳಬೇಕು. ಇದನ್ನು ಮಾಲೀಕರಿಗೆ ಬಾಯಲ್ಲಿ ಹೇಳಿದರೆ ಸಾಲದು, ತಿಂಗಳಿಗೆ ಎಷ್ಟು ಭೇಟಿ ಎಂಬುದನ್ನು ಅಂಕಿಯಲ್ಲಿ ಬರೆಯಬೇಕು. ಸೂರಿನಲ್ಲಿ ನೀರು ಇಳಿದಾಗ, "ನೀವೇ ಅಲ್ಲವೇ ನೋಡಿಕೊಳ್ಳುತ್ತೇನೆ ಅಂದಿದ್ದು?" ಎಂಬ ಮಾತಿಗೆ ಉತ್ತರ ಆ ಅಂಕಿಯಲ್ಲಿ ಮಾತ್ರ ಇರುತ್ತದೆ.

ಇಲ್ಲಿ ನನ್ನ ಮನಸ್ಸಿನ ಮಾತೊಂದನ್ನು ಹೇಳಬೇಕು. ನಮ್ಮಲ್ಲಿ ಮನೆ ಕಟ್ಟಿಸುವ ಶಿಕ್ಷಕರು, ಅಂಗಡಿಯವರು, ತೋಟದವರು ಜೀವಮಾನದ ಉಳಿತಾಯವನ್ನು ಒಂದು ಕಟ್ಟಡಕ್ಕೆ ಸುರಿಯುತ್ತಾರೆ, ಆದರೆ ಇಂಗ್ಲಿಷಿನಲ್ಲಿ ಬರೆದ ಹತ್ತು ಪುಟದ ಒಪ್ಪಂದಕ್ಕೆ ಓದದೆಯೇ ಸಹಿ ಹಾಕುತ್ತಾರೆ. ಅರ್ಥವಾಗದ ಕಾಗದ ಇಬ್ಬರನ್ನೂ ಕಾಯುವುದಿಲ್ಲ. ನನ್ನ ಒಪ್ಪಂದದ ಮುಖ್ಯ ಷರತ್ತುಗಳನ್ನು ಎರಡು ಪುಟದ ಕನ್ನಡಕ್ಕೆ ಇಳಿಸಿ, ಮಾಲೀಕರ ಮುಂದೆ ಓದಿ ಹೇಳಿ, ಆ ಪುಟಗಳಿಗೂ ಅವರ ಸಹಿ ಪಡೆಯಲು ಶುರುಮಾಡಿದ ಮೇಲೆ ಶುಲ್ಕದ ತಕರಾರು ನನ್ನ ಕಚೇರಿಯಲ್ಲಿ ಬಹುಮಟ್ಟಿಗೆ ಕಡಿಮೆಯಾಗಿದೆ. ಪ್ರತಿ ಕೇಂದ್ರವೂ ಇಂಥ ಕನ್ನಡದ ಮಾದರಿಯೊಂದನ್ನು ವಕೀಲರಿಂದ ಪರಿಶೀಲಿಸಿ ಸದಸ್ಯರಿಗೆ ಹಂಚಿದರೆ ಅದಕ್ಕಿಂತ ಉಪಯುಕ್ತವಾದ ಸೇವೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ನಿಮ್ಮ ಕೇಂದ್ರದಲ್ಲಿ ಇದನ್ನು ಕೇಳಿ, ಇಲ್ಲದಿದ್ದರೆ ಕರಡು ಬರೆಯಲು ನೀವೇ ಮುಂದೆ ಬನ್ನಿ.

ನಕ್ಷೆಯ ಮೇಲಿನ ಹಕ್ಕಿನ ವಿಚಾರದಲ್ಲಿ ಸಂಘದವರ ಸಲಹೆ ಪಡೆಯುವಾಗ ಕಾನೂನಿನ ಮಿತಿಯೂ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆ ವಾಸ್ತುಶಿಲ್ಪದ ಕೃತಿಯನ್ನು ಕಲಾಕೃತಿಯೆಂದು ಪರಿಗಣಿಸುತ್ತದೆ. ಆದರೆ ಅದರ ಕಲಾತ್ಮಕ ಗುಣಕ್ಕೂ ವಿನ್ಯಾಸಕ್ಕೂ ಮಾತ್ರ ರಕ್ಷಣೆ, ಕಟ್ಟುವ ವಿಧಾನಕ್ಕಲ್ಲ. ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ ಹಕ್ಕು ವಾಸ್ತುಶಿಲ್ಪಿಯಲ್ಲೇ ಉಳಿಯುತ್ತದೆ. ಹಾಗೆಂದು ಕಟ್ಟಡವನ್ನು ಮಾಲೀಕರು ಕೆಡವುವುದನ್ನು ತಡೆಯಲಾಗದು. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ ಪೂರ್ಣಗೊಂಡ ಹಾಲ್ ಆಫ್ ನೇಷನ್ಸ್ ಕಟ್ಟಡವನ್ನು 2017ರ ಏಪ್ರಿಲ್‌ನಲ್ಲಿ ನೆಲಸಮ ಮಾಡಿದಾಗ ಅದರ ವಾಸ್ತುಶಿಲ್ಪಿ ರಾಜ್ ರೇವಾಲ್ ನ್ಯಾಯಾಲಯಕ್ಕೆ ಹೋದರು; 2019ರಲ್ಲಿ ದೆಹಲಿ ಹೈಕೋರ್ಟ್ ಮಾಲೀಕರ ಹಕ್ಕನ್ನೇ ಎತ್ತಿಹಿಡಿಯಿತು. ವೃತ್ತಿಯವರೆಲ್ಲರಿಗೂ ನೋವು ತಂದ ಪ್ರಸಂಗವದು. ಬೆಲೆಯುಳ್ಳ ಕಟ್ಟಡಗಳನ್ನು ಕೆಡವುವ ಮಾತು ಬರುವುದಕ್ಕೆ ಬಹಳ ಮೊದಲೇ ಗುರುತಿಸಿ, ಅಳತೆ ತೆಗೆದು, ದಾಖಲಿಸಿ, ಸ್ಥಳೀಯ ಆಡಳಿತದ ಮುಂದಿಡುವ ಕೆಲಸವನ್ನು ಸಂಘದ ಕೇಂದ್ರಗಳು ಮಾಡಬಲ್ಲವು, ಮತ್ತು ಅದಕ್ಕೆ ಬೇಕಾಗುವುದು ಭಾನುವಾರಗಳನ್ನು ಕೊಡಬಲ್ಲ ಸದಸ್ಯರು.

ಇನ್ನೊಬ್ಬರ ಕೆಲಸ ನಿಮ್ಮ ಮೇಜಿಗೆ ಬಂದಾಗ

ಮಾಲೀಕರೊಬ್ಬರು ಅರ್ಧ ಕಟ್ಟಿದ ಮನೆಯ ನಕ್ಷೆ ಹಿಡಿದು ಬಂದು, ಹಿಂದಿನವರು ಸರಿಯಾಗಿ ಸ್ಪಂದಿಸಲಿಲ್ಲ, ನೀವು ಮುಂದುವರಿಸಿ ಎಂದರೆ ತಕ್ಷಣ ಒಪ್ಪಬೇಡಿ. 1989ರ ವೃತ್ತಿ ನಡತೆಯ ನಿಯಮಗಳು ಈ ವಿಚಾರದಲ್ಲಿ ಸ್ಪಷ್ಟವಾಗಿವೆ: ಬೇರೆ ವಾಸ್ತುಶಿಲ್ಪಿಯ ಕೈಯಲ್ಲಿರುವ ಕೆಲಸವನ್ನು ಕಸಿದುಕೊಳ್ಳಲು ಯತ್ನಿಸಬಾರದು, ಅಂಥ ಕೆಲಸ ತಾನಾಗಿ ಬಂದರೆ ಅವರಿಗೆ ತಿಳಿಸಬೇಕು. ಮೊದಲು ಅವರಿಗೆ ಫೋನ್ ಮಾಡಿ, ಆಮೇಲೆ ಪತ್ರ ಬರೆಯಿರಿ. ಬಾಕಿ ಶುಲ್ಕ ಇದ್ದರೆ ಅದನ್ನು ಮಾಲೀಕರು ತೀರಿಸುವವರೆಗೆ ಕಾಯಿರಿ. ಒಂದೇ ಊರಿನ ಸದಸ್ಯರು ಪರಸ್ಪರ ಪರಿಚಿತರಾಗಿದ್ದರೆ ಈ ಸಂಭಾಷಣೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಅಪರಿಚಿತರಾದರೆ ವಕೀಲರ ನೋಟಿಸಿನವರೆಗೆ ಹೋಗುತ್ತದೆ. ಸಂಘದ ಸಭೆಗಳಲ್ಲಿ ಚಹಾ ಕುಡಿಯುತ್ತ ನಿಲ್ಲುವ ಹದಿನೈದು ನಿಮಿಷಗಳಿಗೆ ಇಂಥ ಬೆಲೆಯಿದೆ.

ಇಬ್ಬರು ಸದಸ್ಯರ ನಡುವೆ ಮನಸ್ತಾಪ ಬಂದರೆ ಸ್ಥಳೀಯ ಸಮಿತಿಯ ಹಿರಿಯರು ಕೂಡಿಸಿ ಮಾತಾಡಬಲ್ಲರು. ಆದರೆ ಅದು ಒಪ್ಪಿಗೆಯ ಮೇಲೆ ನಡೆಯುವ ಕೆಲಸ. ಶಿಸ್ತುಕ್ರಮದ ಅಧಿಕಾರ ಪರಿಷತ್ತಿಗೆ ಮಾತ್ರ ಇದೆ. ದೂರು ಗಂಭೀರವಾಗಿದ್ದರೆ ದಾಖಲೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಪರಿಷತ್ತಿಗೇ ಬರೆಯಬೇಕು. ಮಾಲೀಕರೊಂದಿಗಿನ ಹಣದ ವ್ಯಾಜ್ಯಕ್ಕೆ ಮಧ್ಯಸ್ಥಿಕೆಯ ಷರತ್ತು ಒಪ್ಪಂದದಲ್ಲೇ ಇರಬೇಕು, ಮಧ್ಯಸ್ಥರನ್ನು ಯಾರು ನೇಮಿಸುತ್ತಾರೆ, ಎಲ್ಲಿ ಕೂರುತ್ತಾರೆ ಎಂಬುದನ್ನೂ ಬರೆದಿರಬೇಕು.

ವಾಸ್ತುಶಿಲ್ಪಿಯಲ್ಲದವರು ಫಲಕದ ಮೇಲೆ ಆ ಹೆಸರು ಬರೆದುಕೊಂಡಾಗ ಸದಸ್ಯರು ಸಿಟ್ಟಿನಿಂದ ಸಮಿತಿಗೆ ಬರುತ್ತಾರೆ. ಕಾಯ್ದೆಯ 37ನೇ ವಿಧಿ ಆ ಬಿರುದಿನ ಬಳಕೆಯನ್ನು ನಿಷೇಧಿಸುತ್ತದೆ ನಿಜ. ಆದರೆ 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟ್, ನೋಯ್ಡಾ ಪ್ರಾಧಿಕಾರದ ಹುದ್ದೆಯೊಂದರಿಂದ ಹುಟ್ಟಿದ ಪ್ರಕರಣದಲ್ಲಿ, ಆ ವಿಧಿಯು ಬಿರುದನ್ನು ಮಾತ್ರ ಕಾಯುತ್ತದೆ, ಕಟ್ಟಡ ವಿನ್ಯಾಸ ಮಾಡುವ ಕೆಲಸವನ್ನು ಇತರರಿಗೆ ನಿಷೇಧಿಸುವುದಿಲ್ಲ ಎಂದು ತೀರ್ಪು ಕೊಟ್ಟಿದೆ. ಆದ್ದರಿಂದ ಫಲಕದ ಫೋಟೋ ತೆಗೆದು ದೂರು ಕೊಡುವುದರ ಜೊತೆಗೆ, ವಾಸ್ತುಶಿಲ್ಪಿಯಿಂದ ಮನೆಗೆ ಬರುವ ಗಾಳಿ, ಬೆಳಕು, ಉಳಿಯುವ ಜಾಗ ಎಂಥದ್ದು ಎಂಬುದನ್ನು ಜನರಿಗೆ ತೋರಿಸುವ ಪ್ರದರ್ಶನಗಳನ್ನು ನಡೆಸುವುದು ಸಂಘಕ್ಕೆ ಅನಿವಾರ್ಯ. ವಾಸ್ತು ನೋಡುವವರು ಎಂದುಕೊಂಡು ನಮ್ಮ ಕಚೇರಿಗೆ ಬರುವವರು ಇಂದಿಗೂ ಇದ್ದಾರೆ. ಅವರಿಗೆ ವ್ಯತ್ಯಾಸ ವಿವರಿಸುವ ತಾಳ್ಮೆ ನಮಗಿರಬೇಕು. ಪ್ರತಿ ಅಕ್ಟೋಬರ್ ತಿಂಗಳ ಮೊದಲ ಸೋಮವಾರದ ವಿಶ್ವ ವಾಸ್ತುಶಿಲ್ಪ ದಿನ ಇದಕ್ಕೆ ಒಳ್ಳೆಯ ಸಂದರ್ಭ.

ಪ್ರಮಾಣಪತ್ರ ಕೊಡುವಾಗ

ಈಚಿನ ವರ್ಷಗಳಲ್ಲಿ ವಾಸ್ತುಶಿಲ್ಪಿಯ ಸಹಿಯ ತೂಕ ಹೆಚ್ಚುತ್ತಲೇ ಬಂದಿದೆ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ, ಖರೀದಿದಾರರಿಂದ ಬಂದ ಹಣದ 70 ಶೇಕಡವನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಡಬೇಕು, ಮತ್ತು ಕೆಲಸ ಎಷ್ಟು ಪೂರ್ಣಗೊಂಡಿದೆಯೋ ಆ ಪ್ರಮಾಣದಲ್ಲಿ ಮಾತ್ರ ಹಣ ತೆಗೆಯಬಹುದೆಂದು ಎಂಜಿನಿಯರ್, ವಾಸ್ತುಶಿಲ್ಪಿ, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ದೃಢೀಕರಿಸಬೇಕು. ಬೆಂಗಳೂರಿನಲ್ಲಿ ಜಾರಿಗೆ ಬಂದ ನಂಬಿಕೆ ನಕ್ಷೆ ಯೋಜನೆಯಲ್ಲಿ ಸಣ್ಣ ವಸತಿ ಕಟ್ಟಡಗಳಿಗೆ, ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಸಲ್ಲಿಸಿದ ನಕ್ಷೆಯ ಮೇಲೆಯೇ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್ತು, ನೀರಿನ ಸಂಪರ್ಕ ಕೊಡಬಾರದೆಂದು ನಿರ್ದೇಶಿಸಿದ ಮೇಲೆ, ನಕ್ಷೆ ಮೀರಿ ಕಟ್ಟಿಕೊಂಡವರು ಕಟ್ಟಡ ಪೂರ್ಣಗೊಂಡಿದೆ ಎಂಬ ಪತ್ರಕ್ಕೆ ಸಹಿ ಮಾಡಿಕೊಡಿ ಎಂದು ವಾಸ್ತುಶಿಲ್ಪಿಗಳ ಮೇಲೆ ಹಾಕುವ ಒತ್ತಡವನ್ನು ನಾವೆಲ್ಲ ಅನುಭವಿಸುತ್ತಿದ್ದೇವೆ.

ಒಬ್ಬಂಟಿಯಾಗಿರುವ ತರುಣರಿಗೆ, ಪರಿಚಿತ ಮಾಲೀಕರ ಮುಖ ನೋಡಿ ಇಲ್ಲವೆನ್ನುವುದು ಕಷ್ಟ. ನಮ್ಮ ಕೇಂದ್ರದಲ್ಲಿ ನಾವು ಒಂದು ರೂಢಿ ಮಾಡಿಕೊಂಡೆವು. ಸೆಟ್‌ಬ್ಯಾಕ್, ಅಂದರೆ ನಿವೇಶನದ ಅಂಚಿನಿಂದ ಖಾಲಿ ಬಿಡಬೇಕಾದ ಜಾಗ, ಮೀರಿದ ಕಟ್ಟಡಕ್ಕೆ ಸಹಿ ಕೇಳಿದಾಗ, ಹಿರಿಯ ಸದಸ್ಯರೊಬ್ಬರನ್ನು ಜೊತೆಯಲ್ಲಿ ಸೈಟಿಗೆ ಕರೆದೊಯ್ದು ಟೇಪ್ ಹಿಡಿದು ಅಳೆದು, ಇದ್ದದ್ದನ್ನು ಇದ್ದಂತೆ ಬರೆದುಕೊಡುವುದು. ಇಬ್ಬರು ಒಂದೇ ಮಾತು ಹೇಳಿದಾಗ ಮಾಲೀಕರೂ ಒಪ್ಪುತ್ತಾರೆ, ತರುಣರ ಬೆನ್ನೂ ನೆಟ್ಟಗಿರುತ್ತದೆ. ವೃತ್ತಿ ಹೊಣೆಗಾರಿಕೆಯ ವಿಮೆಯ ವಿಚಾರವನ್ನೂ ಇದೇ ಜಾಗದಲ್ಲಿ ಯೋಚಿಸಿ. ಬೇರೆ ಬೇರೆ ವಿಮಾ ಸಂಸ್ಥೆಗಳ ಪಾಲಿಸಿಗಳಲ್ಲಿ ಯಾವುದಕ್ಕೆ ರಕ್ಷಣೆ ಇಲ್ಲ ಎಂಬ ಸಣ್ಣಕ್ಷರದ ಭಾಗವನ್ನು ಓದಿಸಲು, ಕ್ಲೇಮು ಮಾಡಿದ ಅನುಭವವಿರುವ ಸದಸ್ಯರು ಯಾರಾದರೂ ಇದ್ದಾರೆಯೇ ಎಂದು ಸಭೆಯಲ್ಲಿ ಕೇಳಿ.

ನಿಯಮಗಳು ಬದಲಾಗುವಾಗ

ಕಟ್ಟಡ ಉಪವಿಧಿಗಳ ಕರಡು ಪ್ರಕಟವಾಗಿ ಆಕ್ಷೇಪಣೆ ಕರೆದಾಗ ಸಂಘವು ಸರ್ಕಾರಕ್ಕೆ ಮನವಿ ಕೊಡುತ್ತದೆ. ಈ ಮನವಿಗಳ ಬಲ ಪೂರ್ತಿಯಾಗಿ ಸದಸ್ಯರು ಒದಗಿಸುವ ಸಾಮಗ್ರಿಯ ಮೇಲೆ ನಿಂತಿದೆ. ಹೊಸ ನಿಯಮ ಅವೈಜ್ಞಾನಿಕವಾಗಿದೆ ಎಂಬ ಸಾಲು ಬರೆದ ಪತ್ರ ಯಾವ ಅಧಿಕಾರಿಯನ್ನೂ ಕದಲಿಸದು. ಅದೇ, 30 ಅಡಿ 40 ಅಡಿ ನಿವೇಶನದ ನಕ್ಷೆಯ ಮೇಲೆ ಪ್ರಸ್ತಾವಿತ ಸೆಟ್‌ಬ್ಯಾಕ್ ಗುರುತಿಸಿ, ಒಂದು ಕಾರು ನಿಲ್ಲುವ ಜಾಗ, ಮೆಟ್ಟಿಲು, ಮಳೆನೀರಿನ ತೊಟ್ಟಿ ಇವುಗಳನ್ನು ಇಟ್ಟ ಮೇಲೆ ನೆಲಮಹಡಿಯಲ್ಲಿ ಅಡುಗೆಮನೆಗೆ ಉಳಿಯುವುದು ಇಷ್ಟೇ ಎಂದು ಅಳತೆಯೊಂದಿಗೆ ತೋರಿಸಿದರೆ ಮೇಜಿನ ಆ ಕಡೆ ಕುಳಿತವರೂ ಬಾಗಿ ನೋಡುತ್ತಾರೆ. ನಿಮ್ಮ ಊರಿನ ನಿವೇಶನಗಳು ಬೆಂಗಳೂರಿನಂತಿರುವುದಿಲ್ಲ. ಕರಾವಳಿಯ ಇಳಿಜಾರು ಮಾಡಿನ ಮನೆ, ಕಲಬುರಗಿಯ ಬಿಸಿಲು, ಹಳೆಯ ಪೇಟೆಯ ಅಂಟಿಕೊಂಡ ಗೋಡೆಗಳು ಕರಡು ಬರೆದವರ ಕಣ್ಣಿಗೆ ಬಿದ್ದಿರುವುದಿಲ್ಲ. ಕರಡು ಬಂದ ವಾರದೊಳಗೆ ನಿಮ್ಮ ಮೂರು ಹಳೆಯ ಯೋಜನೆಗಳನ್ನು ಹೊಸ ನಿಯಮಕ್ಕೆ ಹಾಕಿ ನೋಡಿ, ಆ ಹಾಳೆಗಳನ್ನು ಕೇಂದ್ರಕ್ಕೆ ಕಳುಹಿಸಿ.

ಸ್ಪರ್ಧೆಗಳ ವಿಚಾರದಲ್ಲಿ ಚಿಕ್ಕ ಸಲಹೆ ಸಾಕು. ಸಂಸ್ಥೆಯೊಂದು ನಾಲ್ಕಾರು ವಾಸ್ತುಶಿಲ್ಪಿಗಳನ್ನು ಕರೆದು, ಎಲ್ಲರೂ ಪುಕ್ಕಟೆಯಾಗಿ ನಕ್ಷೆ ತನ್ನಿ, ಇಷ್ಟವಾದದ್ದನ್ನು ಆರಿಸುತ್ತೇವೆ ಎಂದರೆ ಅದು ಸ್ಪರ್ಧೆಯಲ್ಲ, ಮತ್ತು ಅಂಥದ್ದರಲ್ಲಿ ಭಾಗವಹಿಸುವುದು ನಡತೆಯ ನಿಯಮಕ್ಕೆ ವಿರುದ್ಧ. ಪರಿಷತ್ತಿನ ಮಾರ್ಗಸೂಚಿಯಂತೆ ನಡೆಯುವ ಸ್ಪರ್ಧೆಯಲ್ಲಿ ತೀರ್ಪುಗಾರರ ಹೆಸರು, ಬಹುಮಾನ, ಗೆದ್ದವರಿಗೆ ಕೆಲಸ ಕೊಡುವ ಭರವಸೆ ಮೊದಲೇ ಪ್ರಕಟವಾಗಿರುತ್ತವೆ. ಅನುಮಾನವಿದ್ದರೆ ಪ್ರಕಟಣೆಯನ್ನು ಕೇಂದ್ರದ ಕಾರ್ಯದರ್ಶಿಗೆ ಕಳುಹಿಸಿ ಕೇಳಿ.

ಹೊರದೇಶಕ್ಕೆ ಹೋಗುವ ಕನ್ನಡದ ವಾಸ್ತುಶಿಲ್ಪಿಗಳಿಗೂ ಈ ಎರಡು ಬಾಗಿಲಿನ ಲೆಕ್ಕ ನೆನಪಿರಲಿ. ಬ್ರಿಟನ್ನಿನಲ್ಲಿ ಬಿರುದನ್ನು ಕಾಯುವುದು ಆರ್ಕಿಟೆಕ್ಟ್ಸ್ ರಿಜಿಸ್ಟ್ರೇಷನ್ ಬೋರ್ಡ್. 1834ರಲ್ಲಿ ಹುಟ್ಟಿದ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್ ಸ್ವಯಂಪ್ರೇರಿತ ಸಂಘ. ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. 1857ರ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂಬ ಸಂಘ ಬೇರೆ. ಅಲ್ಲಿಗೆ ಹೋದ ಮೇಲೆ ಎರಡನ್ನೂ ಗೊಂದಲ ಮಾಡಿಕೊಂಡು ಅರ್ಜಿ ಶುಲ್ಕ ಕಳೆದುಕೊಳ್ಳಬೇಡಿ.

ಒಂದು ಹಾಳೆ

ಕೊನೆಗೆ, ಯಾವ ಕೈಪಿಡಿಯಲ್ಲೂ ನಾನು ಕಾಣದ, ಆದರೆ ನಮ್ಮ ಕೇಂದ್ರ ಮಾಡಿದ ಕೆಲಸಗಳಲ್ಲಿ ನನಗೆ ಅತಿ ದೊಡ್ಡದೆನಿಸಿದ ಒಂದನ್ನು ಹೇಳುತ್ತೇನೆ. ನಮ್ಮ ಸದಸ್ಯರೊಬ್ಬರು ಐವತ್ತರ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ಒಬ್ಬರೇ ನಡೆಸುತ್ತಿದ್ದ ಕಚೇರಿ. ಒಂಬತ್ತು ಕಟ್ಟಡಗಳು ಬೇರೆ ಬೇರೆ ಹಂತದಲ್ಲಿದ್ದವು. ಅವರ ಪತ್ನಿಗೆ ಮಾಲೀಕರ ಫೋನುಗಳು ಬರತೊಡಗಿದವು, ಯಾರು ಎಷ್ಟು ಕೊಟ್ಟಿದ್ದಾರೆ, ಯಾರ ಬಾಕಿ ಎಷ್ಟು, ಯಾವ ನಕ್ಷೆ ಮಂಜೂರಾಗಿದೆ ಎಂಬುದು ಆಕೆಗೆ ತಿಳಿದಿರಲಿಲ್ಲ. ಮೂವರು ಸದಸ್ಯರು ಆ ಕಚೇರಿಯಲ್ಲಿ ಎರಡು ವಾರ ಕುಳಿತು ಕಡತಗಳನ್ನು ಬೇರ್ಪಡಿಸಿ, ಒಂಬತ್ತು ಕೆಲಸಗಳನ್ನೂ ಮಾಲೀಕರ ಒಪ್ಪಿಗೆಯಿಂದ ಐದು ಕಚೇರಿಗಳಿಗೆ ಹಂಚಿ, ಅಲ್ಲಿಯವರೆಗಿನ ಹಂತಗಳ ಶುಲ್ಕವನ್ನು ಲೆಕ್ಕಹಾಕಿ ಕುಟುಂಬಕ್ಕೆ ಕೊಡಿಸಿದರು. ಹಂತಗಳನ್ನು ಬರೆದಿದ್ದ ಒಪ್ಪಂದಗಳಿದ್ದ ಆರು ಕೆಲಸಗಳ ಹಣ ಬಂತು. ಬಾಯಿಮಾತಿನ ಮೂರರದ್ದು ಬರಲಿಲ್ಲ.

ಅಂದಿನಿಂದ ನಾನು ವರ್ಷಕ್ಕೆ ಎರಡು ಬಾರಿ ಒಂದು ಹಾಳೆ ಬರೆದು, ಲಕೋಟೆಯಲ್ಲಿಟ್ಟು, ನಂಬಿಕೆಯ ಸಹ ಸದಸ್ಯರೊಬ್ಬರ ಕೈಗೆ ಕೊಡುತ್ತೇನೆ. ಅವರದು ನನ್ನ ಬಳಿ ಇದೆ. ನಡೆಯುತ್ತಿರುವ ಕೆಲಸಗಳ ಪಟ್ಟಿ, ಪ್ರತಿಯೊಂದೂ ಯಾವ ಹಂತದಲ್ಲಿದೆ, ಬಂದ ಮತ್ತು ಬರಬೇಕಾದ ಶುಲ್ಕ, ಸ್ಟ್ರಕ್ಚರಲ್ ಎಂಜಿನಿಯರ್ ಯಾರು, ನಕ್ಷೆಯ ಕಡತಗಳು ಯಾವ ಕಂಪ್ಯೂಟರಿನಲ್ಲಿವೆ, ಅದರ ಗುಪ್ತಪದ ಯಾರ ಬಳಿ ಇದೆ ಎಂಬಿಷ್ಟು ಅದರಲ್ಲಿರುತ್ತದೆ. ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ಸಭೆಯ ದಿನ ಹಳೆಯ ಲಕೋಟೆ ಹಿಂದೆ ಪಡೆದು ಹೊಸದನ್ನು ಕೊಡುತ್ತೇವೆ.